ಹೊಳೆಯ ಎರಡೂ ತುದಿಯವರು: ಒಳ್ಳೆಯ ಆಡಳಿತ, ಸುಸ್ಥಿರ ಅಭಿವೃದ್ಧಿ ಬಗ್ಗೆ ಕ್ರೈಸ್ತ ವಿಶ್ವಾಸ ಏನು ಹೇಳುತ್ತದೆ?

ತೊಕ್ಕೊಟ್ಟಿನ ಓದುಗ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ವಾರ್ಡಿನಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಮನೆಯವರು ಸೇರುತ್ತೇವೆ. ಬೈಬಲ್ ಓದುತ್ತೇವೆ, ಚಹಾ ಕುಡಿಯುತ್ತೇವೆ, ಊರಿನ ಮಾತಾಡಿ ಎದ್ದು ಬರುತ್ತೇವೆ. ಕಳೆದ ಸಲ ನಮ್ಮ ಗುರಿಕಾರರು (ವಾರ್ಡಿನ ಮುಂದಾಳು) ಒಂದು ಪ್ರಶ್ನೆ ಇಟ್ಟರು. ಒಳ್ಳೆಯ ಆಡಳಿತ ಅಂದರೆ ಏನು ಅಂತ ನಮ್ಮ ವಿಶ್ವಾಸ ಏನಾದರೂ ಹೇಳುತ್ತದಾ, ಇಲ್ಲ ಅದು ಸರ್ಕಾರಕ್ಕೆ ಬಿಟ್ಟ ವಿಷಯವಾ? ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನನಗೆ ಎಲ್ ಸಾಲ್ವಡಾರ್ ನೆನಪಾಯಿತು. ಅಲ್ಲಿನ ಕಥೆಯನ್ನು ಹಲವು ವರ್ಷದಿಂದ ಹಿಂಬಾಲಿಸುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಇಡುತ್ತೇನೆ, ನೀವು ಏನು ಹೇಳುತ್ತೀರಿ ನೋಡೋಣ.

ಮಧ್ಯ ಅಮೆರಿಕದ ಪುಟ್ಟ ದೇಶ ಅದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟು ಇರಬಹುದು, ಅಷ್ಟೇ. ಅಷ್ಟು ಜಾಗದಲ್ಲೇ 60 ಲಕ್ಷ ಜನ. ಲೆಂಪಾ ಅನ್ನೋದು ಅವರ ದೊಡ್ಡ ನದಿ. ರಾಜಧಾನಿಯ ಕುಡಿಯುವ ನೀರು, ಕರೆಂಟು, ಹೊಲಗದ್ದೆ ಎಲ್ಲಕ್ಕೂ ಅದನ್ನೇ ನಂಬಿದ್ದಾರೆ. ಆ ನದಿಗೆ ನೀರು ಹರಿದು ಬರುವ ಕಬಾನ್ಯಾಸ್ ಎಂಬ ಪ್ರಾಂತ್ಯದಲ್ಲಿ ಪೆಸಿಫಿಕ್ ರಿಮ್ ಎಂಬ ಕೆನಡಾದ ಕಂಪನಿ ಚಿನ್ನ ಹುಡುಕಿತು. 2004ರಲ್ಲಿ ಗಣಿ ತೆಗೆಯಲು ಅನುಮತಿ ಕೇಳಿತು. ಚಿನ್ನದ ಗಣಿ ಅಂದರೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಆ ಪುಡಿಯಿಂದ ಚಿನ್ನ ಬಿಡಿಸಲು ಸೈನೈಡ್ ಬೇಕು, ತುಂಬಾ ನೀರು ಬೇಕು. ಉಳಿದ ಪುಡಿ ಅಲ್ಲೇ ಗುಡ್ಡವಾಗಿ ಬೀಳುತ್ತದೆ.

2007ರ ಮೇ ತಿಂಗಳಲ್ಲಿ ಅಲ್ಲಿನ ಕಥೋಲಿಕ ಬಿಷಪರೆಲ್ಲ ಸೇರಿ ಒಂದು ಹೇಳಿಕೆ ಹೊರಡಿಸಿದರು. ಅದರ ಹೆಸರಿನ ಅರ್ಥ "ಎಲ್ಲರ ಮನೆಯನ್ನು ಕಾಪಾಡೋಣ" ಅಂತ. ಇಂಥ ಗಣಿ ನಮ್ಮ ದೇಶಕ್ಕೆ ಬೇಡ ಎಂದು ನೇರವಾಗಿ ಹೇಳಿದರು. ಆಗಿನ ಮಹಾಧರ್ಮಾಧ್ಯಕ್ಷರು (ಆರ್ಚ್‌ಬಿಷಪ್) ಫೆರ್ನಾಂಡೊ ಸಾಯೆನ್ಸ್ ಲಕಾಯೆ. ಸ್ಪೇನಿನಲ್ಲಿ ಹುಟ್ಟಿದವರು, ತುಂಬಾ ಸಂಪ್ರದಾಯಸ್ಥರು, ಕ್ರಾಂತಿಯ ಮಾತಾಡುವವರಲ್ಲವೇ ಅಲ್ಲ. ಆದರೆ ಅವರು ರಸಾಯನಶಾಸ್ತ್ರ ಓದಿದ್ದರು. ಸೈನೈಡ್ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನಗೆ ಈ ಒಂದು ವಿವರ ತುಂಬಾ ಇಷ್ಟ. ವಿಶ್ವಾಸವೂ ವಿಷಯಜ್ಞಾನವೂ ಒಬ್ಬರಲ್ಲೇ ಇದ್ದಾಗ ಮಾತಿಗೆ ಬರುವ ತೂಕವೇ ಬೇರೆ.

ಮುಂದಿನದು ನೋವಿನ ಕಥೆ. 2009ರಲ್ಲಿ ಗಣಿಗೆ ವಿರೋಧವಾಗಿ ನಿಂತಿದ್ದ ಮಾರ್ಸೆಲೊ ರಿವೇರಾ ಎಂಬ ಶಿಕ್ಷಕರ ಕೊಲೆಯಾಯಿತು. ಶವ ಬಾವಿಯೊಂದರಲ್ಲಿ ಸಿಕ್ಕಿತು. ಅದೇ ವರ್ಷ ಇನ್ನೂ ಕೆಲವರು ಸತ್ತರು. ಅದೇ ವರ್ಷ ಕಂಪನಿಯು ದೇಶದ ಮೇಲೆ ಕೇಸು ಹಾಕಿತು. ಅನುಮತಿ ಕೊಡದೆ ನಷ್ಟ ಮಾಡಿದ್ದಕ್ಕೆ ಪರಿಹಾರ ಕೊಡಿ ಅಂತ. ಆ ಮೊತ್ತ ಕೊನೆಗೆ 25 ಕೋಟಿ ಡಾಲರಿಗೆ ಬಂದು ನಿಂತಿತು.

ಜನ ಬಿಡಲಿಲ್ಲ. ಹಳ್ಳಿಗಳಲ್ಲಿ ತಾವೇ ಮತದಾನ ನಡೆಸಿದರು. 2014ರಲ್ಲಿ ಸಾನ್ ಹೊಸೆ ಲಾಸ್ ಫ್ಲೋರೆಸ್ ಎಂಬ ಊರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಣಿ ಬೇಡ ಎಂದರು. 2016ರ ಅಕ್ಟೋಬರಿನಲ್ಲಿ ಕಂಪನಿ ಕೇಸು ಸೋತಿತು. 2017ರ ಮಾರ್ಚಿನಲ್ಲಿ ಮಹಾಧರ್ಮಾಧ್ಯಕ್ಷ ಹೊಸೆ ಲೂಯಿಸ್ ಎಸ್ಕೋಬಾರ್ ಅಲಾಸ್ ಅವರು ಜನರ ಜೊತೆ ಸಂಸತ್ತಿಗೆ ನಡೆದು ಹೋಗಿ ಗಣಿ ನಿಷೇಧದ ಮಸೂದೆಯನ್ನು ಕೈಗೆತ್ತಿಕೊಳ್ಳಿ ಎಂದು ಕೇಳಿದರು. ಆ ಮಸೂದೆ ಬರೆದುಕೊಟ್ಟದ್ದು ಯೇಸುಸಭೆಯವರ (ಜೆಸ್ವಿಟ್ ಗುರುಗಳ) ವಿಶ್ವವಿದ್ಯಾಲಯ. 1989ರಲ್ಲಿ ಸೈನಿಕರು ಆರು ಗುರುಗಳನ್ನು, ಅಡುಗೆಯಾಕೆಯನ್ನು, ಆಕೆಯ ಮಗಳನ್ನು ಕೊಂದದ್ದು ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ. ಮಾರ್ಚ್ 29ರಂದು 84 ಸದಸ್ಯರ ಸಭೆಯಲ್ಲಿ 69 ಮತ ಬಿದ್ದವು. ಲೋಹದ ಗಣಿಗಾರಿಕೆಯನ್ನು ಪೂರ್ತಿ ನಿಷೇಧಿಸಿದ ಮೊದಲ ದೇಶ ಎಂದು ಜಗತ್ತು ಹೊಗಳಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಈ ಚರ್ಚೆ ಶುರು ಮಾಡುತ್ತಿರಲಿಲ್ಲ. 2024ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ, ಅದೇ ಸಂಸತ್ತು ಆ ಕಾನೂನನ್ನು ತೆಗೆದುಹಾಕಿತು. ಈಗ ಸಭೆಯಲ್ಲಿ 60 ಸದಸ್ಯರು, ಅವರಲ್ಲಿ 57 ಜನ ಗಣಿಯ ಪರ. ಬಿಷಪರು ಮತ್ತೆ ಸಹಿ ಸಂಗ್ರಹಕ್ಕೆ ಇಳಿದರು. ಮರುವರ್ಷದ ಮಾರ್ಚಿನಲ್ಲಿ ಸುಮಾರು ಒಂದೂವರೆ ಲಕ್ಷ ಸಹಿ ಒಪ್ಪಿಸಿದರು.

ನನ್ನ ಪ್ರಶ್ನೆ ಇದು. ಎರಡೂ ಸಲ ಮತ ಹಾಕಿದ್ದು ಜನ ಆರಿಸಿ ಕಳಿಸಿದವರೇ. ಎರಡೂ ಸಲ ಕಾನೂನಿನ ಪ್ರಕಾರವೇ ಆಯಿತು. ಹಾಗಾದರೆ ಒಳ್ಳೆಯ ಆಡಳಿತ ಯಾವುದು, ಅಲ್ಲ ಯಾವುದು ಅಂತ ಯಾವುದರಿಂದ ಅಳೆಯುವುದು?

*

ಸಭಾಪಾಲಕ, ಹುಬ್ಬಳ್ಳಿ

ಪ್ರಿಯ ಸಹೋದರರೇ, ಚೆನ್ನಾಗಿ ಬರೆದಿದ್ದೀರಿ. ನಾನು ಪ್ರೊಟೆಸ್ಟೆಂಟ್ ಸಭೆಯವನು. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನಾಬೋತನ ದ್ರಾಕ್ಷಿತೋಟ ನೆನಪಾಯಿತು. ಅರಸುಗಳ ಮೊದಲನೆಯ ಗ್ರಂಥ, 21ನೇ ಅಧ್ಯಾಯ.

ಅಹಾಬ ರಾಜನಿಗೆ ಅರಮನೆಯ ಪಕ್ಕದ ತೋಟ ಬೇಕಾಯಿತು. ಮೊದಲು ಅವನು ನ್ಯಾಯವಾಗಿಯೇ ಕೇಳಿದ. ದುಡ್ಡು ಕೊಡ್ತೀನಿ, ಇಲ್ಲ ಇದಕ್ಕಿಂತ ಒಳ್ಳೆಯ ತೋಟ ಕೊಡ್ತೀನಿ ಅಂದ. ಅದು ಹಿರಿಯರಿಂದ ಬಂದದ್ದು, ಕೊಡಲಾರೆ ಅಂದ ನಾಬೋತ. ರಾಜ ಊಟ ಬಿಟ್ಟು ಮಲಗಿದ. ಆಮೇಲೆ ರಾಣಿ ಈಜೆಬೆಲ್ ಏನು ಮಾಡಿದಳು ನೋಡಿ. ಸೈನ್ಯ ಕಳಿಸಲಿಲ್ಲ. ರಾಜನ ಮುದ್ರೆ ಒತ್ತಿ ಪತ್ರ ಬರೆದಳು. ಊರಿನ ಹಿರಿಯರ ಸಭೆ ಕರೆಸಿದಳು. ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿದಳು. ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು! ಸಾಕ್ಷಿ ಮಾತ್ರ ಸುಳ್ಳು. ತೋಟ ರಾಜನ ಪಾಲಾದ ಮೇಲೆ ಪ್ರವಾದಿ ಎಲೀಯ ಬಂದು ಕೇಳಿದ: ಕೊಂದೆಯಲ್ಲ, ಈಗ ಆಸ್ತಿಯನ್ನೂ ತಗೊಂಡೆಯಾ?

ನಿಮ್ಮ ಎರಡು ಮತದಾನದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಮುದ್ರೆ ಬಿದ್ದಿದೆಯಾ ಅಂತ ನೋಡಿದರೆ ಸಾಲದು. ನಾಬೋತನ ಮಾತನ್ನು ಯಾರು ಕೇಳಿದರು ಅಂತಲೂ ನೋಡಬೇಕು. 2017ರಲ್ಲಿ ಹತ್ತು ವರ್ಷ ಹಳ್ಳಿಹಳ್ಳಿಯ ಮಾತು ಮೇಲೆ ಬಂದು ಕಾನೂನಾಯಿತು ಅಂತ ನೀವೇ ಬರೆದಿದ್ದೀರಿ.

ಸಮುವೇಲನನ್ನೂ ಮರೆಯಬಾರದು. ವಯಸ್ಸಾಗಿ ಅಧಿಕಾರ ಬಿಡುವಾಗ ಅವನು ಜನರ ಮುಂದೆ ನಿಂತು ಕೇಳುತ್ತಾನೆ. ನಾನು ಯಾರ ಎತ್ತನ್ನು ತೆಗೆದುಕೊಂಡೆ? ಯಾರ ಕತ್ತೆಯನ್ನು ತೆಗೆದುಕೊಂಡೆ? ಯಾರಿಂದ ಲಂಚ ಪಡೆದೆ? ಹೇಳಿ, ಹಿಂದಿರುಗಿಸುತ್ತೇನೆ. ಲೆಕ್ಕ ಒಪ್ಪಿಸುವುದು ಅಂದರೆ ಇದೇ ಅಲ್ವಾ.

*

ಧಾರವಾಡದವನು

ನಾನು ಕ್ರೈಸ್ತನಲ್ಲ. ಕುತೂಹಲದಿಂದ ಓದುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ, ಮನಸ್ಸಿಗೆ ಬಂದದ್ದನ್ನು ಕೇಳುತ್ತೇನೆ.

ಬೈಬಲ್ಲಿನ ಮೊದಲ ಪುಟದಲ್ಲೇ ಭೂಮಿಯನ್ನು ವಶ ಮಾಡಿಕೊಳ್ಳಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಅಂತ ಇದೆಯಲ್ಲ? ಶಿಲುಬೆ ಹಿಡಿದುಕೊಂಡು ಬಂದ ಸ್ಪೇನಿನವರು ಆ ಖಂಡದಲ್ಲಿ ಮೊದಲು ಹುಡುಕಿದ್ದೇ ಚಿನ್ನ. ಅಲ್ಲಿನ ಮೂಲದ ಜನ ಗಣಿಗಳಲ್ಲಿ ಸತ್ತು ಹೋದರು. ನಮ್ಮ ಕೋಲಾರದ ಚಿನ್ನವನ್ನು ತೆಗೆದವರೂ ಭಾನುವಾರ ಚರ್ಚಿಗೆ ಹೋಗುತ್ತಿದ್ದ ಇಂಗ್ಲಿಷರೇ. ಈಗ ಅದೇ ಧರ್ಮ ಸುಸ್ಥಿರ ಅಭಿವೃದ್ಧಿಯ ಪಾಠ ಹೇಳಿದರೆ ಹೇಗೆ ನಂಬುವುದು?

ಇನ್ನೊಂದು ಮಾತು. ಜನರ ಮಾತು ಕೇಳಬೇಕು ಅನ್ನುವುದಕ್ಕೆ ಬೈಬಲ್ಲೇ ಬೇಕಾಗಿಲ್ಲ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕಾ ಬೇಡವಾ ಅಂತ ಗ್ರಾಮಸಭೆಗಳೇ ಹೇಳಲಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಭೆ ನಡೆದ 12 ಹಳ್ಳಿಗಳೂ ಬೇಡ ಎಂದವು. ಅಲ್ಲಿನ ಡೊಂಗ್ರಿಯಾ ಕೊಂಧ ಆದಿವಾಸಿಗಳಿಗೆ ಬೆಟ್ಟವೇ ದೇವರು.

*

ತೊಕ್ಕೊಟ್ಟಿನ ಓದುಗ

ಬೇಸರ ಏನೂ ಇಲ್ಲ ಸರ್, ಕೇಳಬೇಕಾದ ಪ್ರಶ್ನೆಯೇ. ಸ್ಪೇನಿನವರ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ. ಅದನ್ನು ಒಪ್ಪದೆ ಮುಂದೆ ಹೋಗಲಾಗದು.

ಒಂದೇ ಮಾತು ಸೇರಿಸುತ್ತೇನೆ. 1511ರ ಡಿಸೆಂಬರಿನಲ್ಲಿ ಹಿಸ್ಪಾನಿಯೋಲಾ ದ್ವೀಪದಲ್ಲಿ ಅಂತೋನಿಯೊ ದೆ ಮೊಂತೆಸಿನೋಸ್ ಎಂಬ ದೊಮಿನಿಕನ್ ಗುರು ಬಲಿಪೂಜೆಯಲ್ಲಿ ಪ್ರಬೋಧನೆ ಮಾಡಿದರು. ಎದುರಿಗೆ ಕೂತಿದ್ದವರು ಆ ಗಣಿ, ಜಮೀನುಗಳ ಒಡೆಯರೇ. ಇಲ್ಲಿನ ಮೂಲದ ಜನ ಮನುಷ್ಯರಲ್ಲವೇ ಎಂದು ಆ ಒಡೆಯರನ್ನೇ ಕೇಳಿದರು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬವರು ತಾವೇ ಅಲ್ಲಿನ ಜನರನ್ನು ದುಡಿಸಿಕೊಳ್ಳುತ್ತಿದ್ದರು. 1514ರಲ್ಲಿ ಆ ಜನರನ್ನು ಬಿಟ್ಟುಕೊಟ್ಟು, ಉಳಿದ ಬದುಕೆಲ್ಲ ಅವರ ಪರ ವಾದಿಸಿದರು. ಒಂದೇ ಗ್ರಂಥವನ್ನು ಕೈಯಲ್ಲಿ ಹಿಡಿದು ಎರಡು ದಾರಿ ನಡೆದವರು ಅಂದಿನಿಂದಲೂ ಇದ್ದಾರೆ. ನಾನು ಯಾವ ದಾರಿಯಲ್ಲಿದ್ದೇನೆ ಅನ್ನೋದು ನನ್ನ ಚಿಂತೆ.

"ವಶ ಮಾಡಿಕೊಳ್ಳಿ" ಅನ್ನುವ ಮಾತಿನ ಮುಂದಿನ ಅಧ್ಯಾಯದಲ್ಲೇ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಬೇಸಾಯ ಮಾಡಲಿಕ್ಕೆ, ಕಾಯಲಿಕ್ಕೆ ಅಂತ ಇದೆ. ಮೊದಲನೆಯದನ್ನೇ ಜೋರಾಗಿ ಓದಿ ಎರಡನೆಯದನ್ನು ಮೆಲ್ಲಗೆ ಓದಿದ ತಪ್ಪು ನಮ್ಮದು. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ "ಲೌದಾತೊ ಸಿ" ಎಂಬ ಸುತ್ತೋಲೆಯಲ್ಲಿ ಈ ತಪ್ಪು ಓದನ್ನು ಒಪ್ಪಿಕೊಂಡಿದ್ದಾರೆ. ಅದರಲ್ಲೇ ಇನ್ನೊಂದು ಕಡೆ, ಯಾವುದೇ ಯೋಜನೆಯ ಪರಿಸರ ಪರಿಣಾಮವನ್ನು ಎಲ್ಲ ತೀರ್ಮಾನ ಆದ ಮೇಲೆ ಅಳೆಯುವುದಲ್ಲ, ಶುರುವಿನಿಂದಲೇ ಅಳೆಯಬೇಕು, ಆ ಜಾಗದ ಜನರಿಗೆ ಚರ್ಚೆಯಲ್ಲಿ ವಿಶೇಷ ಸ್ಥಾನ ಇರಬೇಕು ಎನ್ನುತ್ತಾರೆ. ಧರ್ಮದ ಪತ್ರದಲ್ಲಿ ಇಷ್ಟು ಕಚೇರಿ ಮಾತು ಯಾಕೆ ಅಂತ ಮೊದಲ ಸಲ ಓದಿದಾಗ ನನಗೂ ಅನ್ನಿಸಿತ್ತು. ಎಲ್ ಸಾಲ್ವಡಾರ್ ಕಥೆ ಓದಿದ ಮೇಲೆ ಯಾಕೆ ಅಂತ ಗೊತ್ತಾಯಿತು.

ನಿಯಮಗಿರಿ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ನಮ್ಮಲ್ಲಿ ಹಳೆಯ ಒಂದು ಬೋಧನೆ ಇದೆ. ಕೆಳಗಿನ ಹಂತದವರು ತಾವೇ ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಅಂತ. 1931ರಲ್ಲಿ ಆಗಿನ ಪೋಪ್ ಅದನ್ನು ಬರೆದಿಟ್ಟರು. ನಿಮ್ಮ ಗ್ರಾಮಸಭೆಗೂ ಅದಕ್ಕೂ ದೂರ ಇಲ್ಲ.

*

ಸಕಲೇಶಪುರ ಬೆಳೆಗಾರ

ಎಲ್ಲ ಸರಿ. ಆದರೆ ಒಂದು ಕಡೆ ಮಾತ್ರ ಮಾತಾಡುತ್ತಿದ್ದೀರಿ ಅನ್ನಿಸುತ್ತಿದೆ. ಎಲ್ ಸಾಲ್ವಡಾರ್ ನಮ್ಮ ಹಾಗೇ ಕಾಫಿ ಬೆಳೆಯುವ ದೇಶ. ಕಾಫಿ ರೇಟು ಬಿದ್ದರೆ ಮನೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಅಲ್ಲಿ ಲಕ್ಷಾಂತರ ಜನ ಅಮೆರಿಕಕ್ಕೆ ಹೋಗಿ ದುಡಿದು ಕಳಿಸುವ ಹಣದ ಮೇಲೇ ಸಂಸಾರಗಳು ನಿಂತಿವೆ. ನೆಲದಡಿ ಚಿನ್ನ ಇಟ್ಟುಕೊಂಡು ಮಕ್ಕಳನ್ನು ಗಡಿ ದಾಟಿಸಬೇಕಾ? ಬಡತನವೂ ವಿಷವೇ. ಬಿಷಪರು ಗಣಿ ಬೇಡ ಅನ್ನುವುದು ಸುಲಭ, ಕೆಲಸ ಎಲ್ಲಿಂದ ತರುತ್ತಾರೆ?

ಇದು ವಾದಕ್ಕಾಗಿ ಕೇಳುತ್ತಿಲ್ಲ. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ತೋಟಕ್ಕೆ ಬರುವುದಿಲ್ಲ.

*

ಕೆಜಿಎಫ್ ಟೀಚರ್ (ನಿವೃತ್ತ)

ಬೆಳೆಗಾರರೇ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಬಹುದೇನೋ. ನಾನು ಹುಟ್ಟಿದ್ದೇ ಗಣಿ ಲೈನ್ ಮನೆಯಲ್ಲಿ. ನಮ್ಮ ತಾತ, ಅಪ್ಪ ಇಬ್ಬರೂ ಕೆಳಗೆ ಇಳಿದವರು. ಆ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ ಇತ್ತು. ಕೆಳಗೆ ಹೋದರೆ ಬಂಡೆಯೇ ಸುಡುತ್ತಿತ್ತು ಅಂತ ಅಪ್ಪ ಹೇಳೋರು.

ಗಣಿ ನಮಗೆ ಅನ್ನ ಕೊಟ್ಟಿತು. ಅದನ್ನು ಯಾವತ್ತೂ ಇಲ್ಲ ಅನ್ನೋದಿಲ್ಲ. ನಾನು ಓದಿದ್ದು, ಟೀಚರ್ ಆದದ್ದು ಆ ಸಂಬಳದಿಂದ. 1902ರಲ್ಲೇ ಶಿವನಸಮುದ್ರದಿಂದ ನಮ್ಮೂರಿಗೆ ಕರೆಂಟು ಬಂತು, ಬೆಂಗಳೂರಿಗಿಂತ ಮೊದಲು. ಆದರೆ ಆ ತಂತಿ ಬಂದದ್ದು ಗಣಿಗಾಗಿ. ದಾರಿಯಲ್ಲಿದ್ದ ಹಳ್ಳಿಗಳ ತಲೆ ಮೇಲೆ ಹಾದು ಬಂತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಜಾಸ್ತಿ ಚಿನ್ನ ಹೋಯಿತು. ನಮಗೆ ಉಳಿದದ್ದು ಸೈನೈಡ್ ಗುಡ್ಡಗಳು. ಮೂರು ಕೋಟಿ ಟನ್ನಿಗಿಂತ ಹೆಚ್ಚು ಪುಡಿ. ಆಡಿ ತಿಂಗಳ ಗಾಳಿ ಶುರುವಾದರೆ ಬಿಳಿ ಬೂದಿ ಏಳುತ್ತದೆ. ಕ್ಲಾಸಲ್ಲಿ ಕಿಟಕಿ ಮುಚ್ಚಿ ಪಾಠ ಮಾಡುತ್ತಿದ್ದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಡೆಸ್ಕಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಮಕ್ಕಳು ಬರೆಯುತ್ತಲೂ ಇದ್ದರು. ಬಟ್ಟೆ ಒಣಗಿಸಲು ಗಾಳಿಯ ದಿಕ್ಕು ನೋಡಬೇಕು. ಗುಡ್ಡದಿಂದ ಮಳೆನೀರು ಹರಿಯುವ ಕಡೆ ಹುಲ್ಲೂ ಸರಿಯಾಗಿ ಏಳುವುದಿಲ್ಲ.

ಗಣಿ ಮುಚ್ಚಿದ ದಿನ ನನಗೆ ಒಂದು ವಿಷಯ ಹೊಳೆಯಿತು. ಶುರು ಮಾಡುವಾಗ ಯಾರೂ ಮುಗಿಸುವುದರ ಬಗ್ಗೆ ಬರೆದಿಡಲಿಲ್ಲ. ಈ ಗುಡ್ಡವನ್ನು ಯಾರು ನೋಡಿಕೊಳ್ಳಬೇಕು, ಕೆಲಸ ಹೋದವರು ಎಲ್ಲಿಗೆ ಹೋಗಬೇಕು, ಒಂದು ಸಾಲೂ ಇಲ್ಲ. ಈಗ ನಮ್ಮ ಹುಡುಗರು ಬೆಳಗ್ಗೆ ಕತ್ತಲೆಯಲ್ಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಗಣಿ ಇತ್ತು, ಆದರೂ ಮಕ್ಕಳು ಊರು ಬಿಡಬೇಕಾಯಿತು.

ನಮ್ಮ ಚರ್ಚಿನಲ್ಲಿ ಇದರ ಬಗ್ಗೆ ಪ್ರಸಂಗ ನಾನು ಕೇಳಿಲ್ಲ. ದೂಳಿಗೆ ಪ್ರಾರ್ಥನೆ ಮಾಡಿದ್ದೇವೆ, ಕಾಯಿಲೆಗೆ ಪ್ರಾರ್ಥನೆ ಮಾಡಿದ್ದೇವೆ. ಬಿಷಪರೊಬ್ಬರು ಸಂಸತ್ತಿಗೆ ನಡೆದುಹೋದರು ಅಂತ ಓದಿ ಕಣ್ಣು ತುಂಬಿತು.

*

ಸಕಲೇಶಪುರ ಬೆಳೆಗಾರ

ಟೀಚರ್, ಓದಿ ಸುಮ್ಮನಾದೆ. ಮುಗಿಸುವುದರ ಬಗ್ಗೆ ಬರೆದಿಡಲಿಲ್ಲ ಅಂದಿರಲ್ಲ, ಅದು ನನ್ನ ತಲೆಯಲ್ಲಿ ಇರಲಿಲ್ಲ.

*

ಟೊರಾಂಟೊ ಕನ್ನಡಿಗ

ಇಪ್ಪತ್ತು ವರ್ಷದಿಂದ ಕೆನಡಾದಲ್ಲಿದ್ದೇನೆ. ಆ ಕೇಸಿನ ಬಗ್ಗೆ ಒಂದೆರಡು ಮಾತು.

ಕಂಪನಿ ಹೋದದ್ದು ಎಲ್ ಸಾಲ್ವಡಾರಿನ ಕೋರ್ಟಿಗಲ್ಲ. ವಾಷಿಂಗ್ಟನ್‌ನಲ್ಲಿ ವಿಶ್ವಬ್ಯಾಂಕ್ ಗುಂಪಿಗೆ ಸೇರಿದ ಒಂದು ಮಧ್ಯಸ್ಥಿಕೆ ಕೇಂದ್ರ ಇದೆ. ಹೂಡಿಕೆದಾರರು ದೇಶಗಳ ಮೇಲೆ ದೂರು ಕೊಡುವ ಜಾಗ. ಅಲ್ಲಿ ಮೂರು ಜನ ಪಂಚರು ಕೂತು ತೀರ್ಮಾನ ಮಾಡುತ್ತಾರೆ. ಕಬಾನ್ಯಾಸ್‌ನ ರೈತ ಅಲ್ಲಿ ಕಕ್ಷಿದಾರನೇ ಅಲ್ಲ. ದೇಶ ಗೆದ್ದಿತು, ನಿಜ. ಗಣಿಗೆ ಬೇಕಾದ ಜಮೀನಿನ ಹಕ್ಕೇ ಕಂಪನಿ ಹತ್ತಿರ ಪೂರ್ತಿ ಇರಲಿಲ್ಲ, ಕಾನೂನು ಕೇಳಿದ ದಾಖಲೆಗಳೂ ಪೂರ್ತಿ ಆಗಿರಲಿಲ್ಲ. ಕೇಸಿನ ಖರ್ಚಿಗೆ 80 ಲಕ್ಷ ಡಾಲರ್ ಕೊಡಿ ಎಂದು ಕಂಪನಿಗೆ ಹೇಳಿದರು. ಆದರೆ ಏಳು ವರ್ಷ ಆ ಬಡ ದೇಶ ವಕೀಲರಿಗೆ ದುಡ್ಡು ಸುರಿಯಿತು. ಅಷ್ಟು ದುಡ್ಡಿಲ್ಲದ ಸರ್ಕಾರ ಹೆದರಿ ಅನುಮತಿ ಕೊಟ್ಟುಬಿಡುತ್ತಿತ್ತು.

ಇಲ್ಲಿ ನಮ್ಮ ಕಥೋಲಿಕ ಬಿಷಪರು 1967ರಲ್ಲಿ ಕಟ್ಟಿದ "ಡೆವಲಪ್‌ಮೆಂಟ್ ಅಂಡ್ ಪೀಸ್" ಎಂಬ ಸಂಸ್ಥೆ ಇದೆ. ವಿದೇಶದಲ್ಲಿ ಕೆಲಸ ಮಾಡುವ ಕೆನಡಾದ ಗಣಿ ಕಂಪನಿಗಳ ಮೇಲೆ ನಿಗಾ ಇಡುವ ಕಾನೂನು ಬರಲಿ ಅಂತ ಅವರು ಚರ್ಚುಗಳಲ್ಲಿ ಕಾರ್ಡಿಗೆ ಸಹಿ ಹಾಕಿಸಿ ಕಳಿಸಿದರು. ಸಿ-300 ಎಂಬ ಆ ಮಸೂದೆ 2010ರ ಅಕ್ಟೋಬರಿನಲ್ಲಿ ಸೋತಿತು. ವಿರುದ್ಧ 140, ಪರ 134. ಆರೇ ಮತ. ನಾನು ಇದನ್ನು ಓದಿದ್ದು ಆಮೇಲೆ. ಓದಿದ ದಿನ ನಮ್ಮ ಪಿಂಚಣಿ ಹಣ ಯಾವ್ಯಾವ ಕಂಪನಿಯಲ್ಲಿ ಇದೆ ಅಂತ ಕೇಳಿ ಒಂದು ಪತ್ರ ಬರೆದೆ. ವಿವರ ಬಂತು. ಗಣಿ ಕಂಪನಿಗಳೂ ಇದ್ದವು. ದೂರದಲ್ಲಿ ಕೂತವನಿಗೆ ಇದರಲ್ಲಿ ಪಾಲಿಲ್ಲ ಅಂತ ಅಂದುಕೊಂಡಿದ್ದೆ, ಪಾಲಿತ್ತು.

*

ನಿರ್ವಾಹಕರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಪಕ್ಷಗಳ ಹೆಸರು ಹಿಡಿದು ಬಂದ ಎರಡು ಉತ್ತರ ತೆಗೆದಿದ್ದೇವೆ. ವಿಷಯಕ್ಕೆ ಅಂಟಿಕೊಳ್ಳಿ, ದಯವಿಟ್ಟು.

*

ಧಾರವಾಡದವನು

ಟೀಚರ್ ಮತ್ತು ಟೊರಾಂಟೊದ ಸರ್ ಬರೆದದ್ದು ಓದಿ ನನ್ನ ಧಾಟಿ ಸ್ವಲ್ಪ ಬದಲಾಯಿತು. ಆದರೂ ಒಂದು ಪ್ರಶ್ನೆ ಬಾಕಿ ಇದೆ. ಸರ್ಕಾರಕ್ಕೆ ಲೆಕ್ಕ ಕೇಳುವ ಚರ್ಚು ತನ್ನ ಲೆಕ್ಕ ತೋರಿಸುತ್ತದಾ? ನಮ್ಮ ಕಡೆಯ ಮಠಗಳ ಬಗ್ಗೆಯೂ ನಾನು ಇದನ್ನೇ ಕೇಳುವವನು. ದಾಸೋಹ ಅಂತ ಹೇಳಿಕೊಂಡ ಮೇಲೆ ಪುಸ್ತಕ ಬಿಚ್ಚಿಡಬೇಕು.

*

ಸಭಾಪಾಲಕ, ಹುಬ್ಬಳ್ಳಿ

ಈ ಪ್ರಶ್ನೆಗೆ ತಪ್ಪಿಸಿಕೊಳ್ಳದೆ ಉತ್ತರ ಕೊಡುತ್ತೇನೆ. ಎಲ್ಲ ಕಡೆ ತೋರಿಸುವುದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಸಭೆಗೆ ಸೇರಿದ ಒಂದು ಜಮೀನು ಕೈಬಿಟ್ಟು ಹೋಯಿತು. ಹಿರಿಯರು ಮಾರಿದರು ಅಂತ ಆಮೇಲೆ ಗೊತ್ತಾಯಿತು. ಎಷ್ಟಕ್ಕೆ, ಯಾಕೆ, ದುಡ್ಡು ಎಲ್ಲಿಗೆ ಹೋಯಿತು, ಸಭೆಯವರಿಗೆ ಯಾರೂ ಹೇಳಲಿಲ್ಲ. ನಮ್ಮಪ್ಪ ಎದ್ದು ನಿಂತು ಕೇಳಿದ್ದಕ್ಕೆ ಎರಡು ವರ್ಷ ಯಾರೂ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ನೋವು ಇನ್ನೂ ಇದೆ.

ಅದಕ್ಕೇ ನಾನು ಸಭಾಪಾಲಕನಾದ ಮೇಲೆ ಕಾಣಿಕೆ ಎಣಿಸುವಾಗ ಮೂವರು ಇರಬೇಕು, ಅದರಲ್ಲಿ ಒಬ್ಬರು ಹೆಂಗಸರು ಇರಬೇಕು, ಎಣಿಸಿದ ಮೊತ್ತ ಅದೇ ದಿನ ಬೋರ್ಡಿನ ಮೇಲೆ ಬರೆಯಬೇಕು ಅಂತ ಮಾಡಿದ್ದೇವೆ. ಇದು ನನ್ನ ಬುದ್ಧಿಯಲ್ಲ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣ ಸಾಗಿಸುವಾಗ ಪೌಲನು ಒಬ್ಬನೇ ಹೋಗಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿ ಇರಬೇಕು ಅಂತ ಕೊರಿಂಥದವರಿಗೆ ಬರೆದ. ಪೌಲನಂಥವನಿಗೇ ಜೊತೆಗೆ ಸಾಕ್ಷಿ ಬೇಕಿತ್ತು ಅಂದರೆ ನಮಗೆ ಬೇಡವೇ?

*

ಕೆಜಿಎಫ್ ಟೀಚರ್ (ನಿವೃತ್ತ)

ತೊಕ್ಕೊಟ್ಟಿನ ತಮ್ಮಾ, ನಿಮ್ಮ ಬರಹ ಇಷ್ಟವಾಯಿತು, ಅದಕ್ಕೇ ಇದನ್ನು ಕೇಳುತ್ತಿದ್ದೇನೆ. ನೀರು ಕಾಪಾಡುವ ಮಾತಾಡಿದಿರಿ. ಸಕಲೇಶಪುರ ಕಡೆಯ ತೊರೆಗಳ ನೀರನ್ನು ಪೈಪಿನಲ್ಲಿ ನಮ್ಮ ಕೋಲಾರದ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ನೀವು ವಿರೋಧವಾ?

ನಿಮ್ಮ ಕರಾವಳಿ ಕಡೆಯವರು ಬೀದಿಗೆ ಇಳಿದದ್ದು ಟಿವಿಯಲ್ಲಿ ನೋಡಿದ್ದೇನೆ. ನಮ್ಮ ಕೋಲಾರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರಿಲ್ಲ. ಬಂದರೂ ಫ್ಲೋರೈಡ್. ಟ್ಯಾಂಕರ್ ಬರುವ ದಿನ ನೋಡಿಕೊಂಡು ನಾವು ಬಟ್ಟೆ ಒಗೆಯುತ್ತೇವೆ. ಬೆಂಗಳೂರಿನ ಒಳಚರಂಡಿ ನೀರು ಶುದ್ಧ ಮಾಡಿ ನಮ್ಮ ಕೆರೆಗೆ ಬಿಟ್ಟಾಗಲೂ ಬಂತಲ್ಲ ಅಂತ ಖುಷಿಪಟ್ಟವರು ನಾವು. ನಿಮ್ಮ ಹೊಳೆಯ ನೀರು ಸಮುದ್ರಕ್ಕೆ ಸೇರುತ್ತದೆ, ನಮಗೆ ಸ್ವಲ್ಪ ಬಂದರೆ ಏನು ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ.

*

ತೊಕ್ಕೊಟ್ಟಿನ ಓದುಗ

ಅಕ್ಕಾ, ಹೌದು. ನಾನು ಆ ಪ್ರತಿಭಟನೆಯಲ್ಲಿ ಇದ್ದೆ. ನಿಮ್ಮ ಉತ್ತರ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ.

ನನ್ನ ಕಾರಣಗಳು ಈಗಲೂ ಇವೆ. ನೇತ್ರಾವತಿಗೆ ಸೇರುವ ತೊರೆಗಳು ಅವು. ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ಮಟ್ಟ ಇಳಿದರೆ ಮಂಗಳೂರಿಗೇ ರೇಷನ್ ಲೆಕ್ಕದಲ್ಲಿ ನೀರು ಬಿಡುತ್ತಾರೆ. ಹೊಳೆನೀರು ಸಮುದ್ರಕ್ಕೆ ಸೇರುವುದು ಸುಮ್ನೆ ಹಾಳಾಗುವುದಲ್ಲ. ಅಳಿವೆಯ ಮೀನು, ಮರುವಾಯಿ (ಚಿಪ್ಪುಮೀನು) ತೆಗೆಯುವವರ ಬದುಕು, ಬಾವಿಗೆ ಉಪ್ಪು ಏರದಿರುವುದು, ಎಲ್ಲ ಅದರ ಮೇಲಿದೆ. ಯೋಜನೆಯಲ್ಲಿ ಹೇಳಿದ 24 ಟಿಎಂಸಿ (ಶತಕೋಟಿ ಘನ ಅಡಿ) ಅಷ್ಟು ನೀರು ಅಲ್ಲಿ ಇದೆಯಾ ಅನ್ನೋದರಲ್ಲೇ ತಿಳಿದವರಿಗೆ ಒಮ್ಮತ ಇಲ್ಲ.

ಆದರೆ ನಾನು ಒಂದು ತಪ್ಪು ಮಾಡಿದ್ದೇನೆ. ಇಷ್ಟು ವರ್ಷದಲ್ಲಿ ಕೋಲಾರದ ಒಬ್ಬರ ಹತ್ತಿರವೂ ಇದರ ಬಗ್ಗೆ ಮಾತಾಡಿರಲಿಲ್ಲ. ಎಲ್ ಸಾಲ್ವಡಾರಿನ ರೈತರ ಹೆಸರು ಗೊತ್ತಿತ್ತು. ನಿಮ್ಮ ಟ್ಯಾಂಕರ್ ಯಾವ ದಿನ ಬರುತ್ತದೆ ಅಂತ ಗೊತ್ತಿರಲಿಲ್ಲ. ನನ್ನ ನೆರೆಯವನು ಯಾರು ಅಂತ ಧರ್ಮಶಾಸ್ತ್ರಿ ಕೇಳಿದಾಗ ಯೇಸು ದಾರಿಯಲ್ಲಿ ಬಿದ್ದವನ ಕಥೆ ಹೇಳಿದರಲ್ಲ. ಪೈಪಿನ ಇನ್ನೊಂದು ತುದಿಯಲ್ಲಿ ಇರುವವರೂ ನೆರೆಯವರೇ ಅಂತ ನನಗೆ ಹೊಳೆದಿರಲೇ ಇಲ್ಲ.

ಎಲ್ ಸಾಲ್ವಡಾರಿಗೂ ಇದೇ ತೊಂದರೆ ಇದೆ. ಲೆಂಪಾ ನದಿ ಹುಟ್ಟುವುದು ಪಕ್ಕದ ದೇಶ ಗ್ವಾಟೆಮಾಲದಲ್ಲಿ. ಗಡಿಯ ಆಚೆ ಸೆರ್ರೊ ಬ್ಲಾಂಕೊ ಎಂಬ ಚಿನ್ನದ ಗಣಿ ಯೋಜನೆ ಇದೆ. ಎಲ್ ಸಾಲ್ವಡಾರಿನವರಿಗೆ ಅಲ್ಲಿ ಮತ ಇಲ್ಲ. ಆದರೆ 2022ರಲ್ಲಿ ಗ್ವಾಟೆಮಾಲದ ಅಸುನ್ಸಿಯೋನ್ ಮಿತಾ ಎಂಬ ಊರಿನವರೇ ಮತದಾನ ನಡೆಸಿದರು. ಮತ ಹಾಕಿದವರಲ್ಲಿ ಹೆಚ್ಚಿನವರು ಗಣಿ ಬೇಡ ಎಂದರು. ಮೇಲಿನ ಊರಿನವರ ಆ ಮತದಿಂದ ಕೆಳಗಿನವರ ನದಿಗೂ ಬಲ ಬಂತು.

*

ಸಕಲೇಶಪುರ ಬೆಳೆಗಾರ

ನಾನು ಈ ಜಗಳದ ಮಧ್ಯದಲ್ಲಿ ಕೂತಿರುವವನು. ಆ ಪೈಪುಗಳು ನಮ್ಮ ಕಡೆಯಿಂದಲೇ ಹೋಗುತ್ತವೆ. 2014ರಲ್ಲಿ ಶಂಕುಸ್ಥಾಪನೆ ಆಯಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಚಾಲೂ ಮಾಡಿದರು. ಖರ್ಚು ಶಂಕುಸ್ಥಾಪನೆಯ ಹೊತ್ತಿಗೆ 13 ಸಾವಿರ ಕೋಟಿ ಹತ್ತಿರ ಅಂದಿದ್ದು ಈಗ 23 ಸಾವಿರ ಕೋಟಿ ದಾಟಿದೆ. ಈ ಹತ್ತು ವರ್ಷದಲ್ಲಿ ಕರಾವಳಿಯವರನ್ನು, ನಮ್ಮನ್ನು, ಕೋಲಾರದವರನ್ನು ಒಂದೇ ಕಡೆ ಕೂರಿಸಿ ಮಾತಾಡಿಸಿದ ಒಂದು ಸಭೆಗೂ ನನಗೆ ಕರೆ ಬರಲಿಲ್ಲ. ಮೂರು ಊರಿನ ನಾವು ಮಾತಾಡುತ್ತಿರುವುದು ಇದೇ ಮೊದಲು, ಅದೂ ಯಾವುದೋ ದೇಶದ ಚಿನ್ನದ ಗಣಿಯ ನೆಪದಲ್ಲಿ.

ಒಂದು ಕೆಲಸ ನಾನು ಮಾಡಬಲ್ಲೆ. ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ಮಳೆ ಲೆಕ್ಕ ಬರೆದಿಟ್ಟಿದ್ದೇವೆ. ದಿನಾ ಬೆಳಗ್ಗೆ ಎಂಟಕ್ಕೆ, ಇಂಚಿನ ಲೆಕ್ಕದಲ್ಲಿ. ಬೆಳೆಗಾರರ ಮನೆಗಳಲ್ಲಿ ಇಂಥ ಪುಸ್ತಕ ಸಾಮಾನ್ಯ. ಆ ಹೊಳೆಗೆ ಎಷ್ಟು ನೀರು ಬರಬಹುದು ಅಂತ ಅಂದಾಜು ಮಾಡುವವರಿಗೆ ಅದು ಉಪಯೋಗವಾಗಬಹುದು. ಅಕ್ಕಪಕ್ಕದ ನಾಲ್ಕೈದು ತೋಟದವರನ್ನೂ ಕೇಳುತ್ತೇನೆ.

*

ಧಾರವಾಡದವನು

ಆ ಪುಸ್ತಕದ ಪುಟಗಳ ಫೋಟೋ ಕಳಿಸಿದರೆ ನಾನು ಕಂಪ್ಯೂಟರಿಗೆ ಏರಿಸಿ ಕೊಡುತ್ತೇನೆ. ಅಂಕಿ ಕೆಲಸ ನನಗೆ ರೂಢಿ ಇದೆ. ನಾಬೋತನ ಅಧ್ಯಾಯವನ್ನೂ ಓದಿದೆ. ಎರಡು ಸಲ ಓದಿದೆ.

*

ತೊಕ್ಕೊಟ್ಟಿನ ಓದುಗ

ಬೆಳೆಗಾರರೇ, ಧಾರವಾಡದ ಸರ್, ಇಬ್ಬರಿಗೂ ಥ್ಯಾಂಕ್ಸ್. ಮುಂದಿನ ವಾರ್ಡ್ ಕೂಟದಲ್ಲಿ ಈ ಚರ್ಚೆಯನ್ನು ಪೂರ್ತಿ ಓದಿಸುತ್ತೇನೆ ಅಂತ ಗುರಿಕಾರರಿಗೆ ಹೇಳಿದ್ದೇನೆ. ಟೀಚರ್ ಅಕ್ಕಾ, ಆ ದಿನ ಸಂಜೆ ಫೋನಿನಲ್ಲಿ ನಮ್ಮ ಜೊತೆ ಕೂರುತ್ತೀರಾ? ಹತ್ತು ಹನ್ನೆರಡು ಮನೆಯವರು ಇರುತ್ತಾರೆ. ಅರ್ಧದಷ್ಟು ಮಂದಿ ಆ ಪ್ರತಿಭಟನೆಗೆ ಬಂದವರೇ. ನೀವು ಮಾತಾಡಿ, ನಾವು ಕೇಳುತ್ತೇವೆ.

*

ಕೆಜಿಎಫ್ ಟೀಚರ್ (ನಿವೃತ್ತ)

ಬರುತ್ತೇನೆ ತಮ್ಮಾ. ಏಳು ಗಂಟೆ ಮೇಲೆ ಇಟ್ಟುಕೊಳ್ಳಿ, ಅಷ್ಟರಲ್ಲಿ ನೀರು ಹಿಡಿದು ಮುಗಿದಿರುತ್ತದೆ. ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕರೆಯುತ್ತೇನೆ. ಅವರು ಚರ್ಚಿನವರಲ್ಲ, ಪರವಾಗಿಲ್ಲ ಅಲ್ವಾ? ನಮ್ಮೂರಿಗೆ ನೀರು ಕೊಡುತ್ತಿದ್ದ ಬೇತಮಂಗಲದ ಕೆರೆ ನೋಡಿ ಬೆಳೆದವರು ಅವರು. ನನಗಿಂತ ಚೆನ್ನಾಗಿ ಹೇಳುತ್ತಾರೆ.

ನಿಮ್ಮ ಕಡೆ ಮಳೆ ಶುರುವಾಯಿತಾ?